ಗದಗದಿಂದ ಲಂಡನ್‌ಗೆ: ರೂಮು ಎಲ್ಲಿ ಮಾಡಲಿ, ಪೇಡೆ ಒಯ್ಯಬಹುದಾ?

ಬೆಟಗೇರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಹೊರಟಿದ್ದೇನೆ, ಒಂದು ವರ್ಷದ ಮಾಸ್ಟರ್ಸ್. ವೀಸಾ ಬಂದಿದೆ. ಮನೆ ಬಿಟ್ಟು ಇದ್ದದ್ದು ಅಂದರೆ ಧಾರವಾಡದ ಹಾಸ್ಟೆಲ್‌ನಲ್ಲಿ ಮೂರು ವರ್ಷ, ಅದೂ ಶನಿವಾರ ಬಂತು ಅಂದರೆ ಬಸ್ ಹತ್ತಿ ಗದಗಕ್ಕೆ ಓಡಿ ಬರುತ್ತಿದ್ದೆ. ಕಾಲೇಜಿನ ಹತ್ತಿರದ ರೂಮಿನ ಬಾಡಿಗೆಯನ್ನು ರೂಪಾಯಿಗೆ ತಿರುಗಿಸಿ ನೋಡಿದ ಅಪ್ಪ ಮೊಬೈಲ್ ಕೆಳಗಿಟ್ಟು ಸುಮ್ಮನೆ ಕೂತರು. ದೂರ ಹೋದರೆ ಕಡಿಮೆಗೆ ಸಿಗುತ್ತದೆ. ಏನು ಮಾಡಲಿ? ಅವ್ವ ಆಗಲೇ ಎರಡು ಕಿಲೋ ಪೇಡೆ, ಒಂದು ಡಬ್ಬಿ ತುಪ್ಪ ಅಂತ ಪಟ್ಟಿ ಮಾಡಿದ್ದಾಳೆ. ಇನ್ನೊಂದು ಕೇಳೋಕೆ ಸ್ವಲ್ಪ ನಾಚಿಕೆ. ಮೊದಲ ತಿಂಗಳು ಒಬ್ಬರೇ ಇದ್ದಾಗ ನಿಮಗೆಲ್ಲ ಹೇಗಾಯಿತು?

ವಿದ್ಯಾನಗರದವ:
ತಂಗಿ, ಮೊದಲು ಪೇಡೆ, ತುಪ್ಪ ಎರಡನ್ನೂ ಪಟ್ಟಿಯಿಂದ ತೆಗೆ. ಇಲ್ಲಿಂದ ಹೋಗುವವರು ಮಾಂಸ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ, ಪೇಡೆ ಹಾಲಿನದೇ ಅಲ್ವಾ. ಹಿಡಿದರೆ ಅಲ್ಲೇ ತೆಗೆದು ಬಿಸಾಕುತ್ತಾರೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ ಒಯ್ಯಿ. ರೊಟ್ಟಿಯನ್ನು ಮಾತ್ರ ಸ್ಟೀಲ್ ಡಬ್ಬಿಯಲ್ಲಿ ಹಾಕು. ನಾನು ಬಟ್ಟೆ ನಡುವೆ ಇಟ್ಟು ಒಯ್ದಿದ್ದೆ, ಒಂದು ವಾರ ಅಂಗಿ ಕೊಡವಿದಾಗಲೆಲ್ಲ ಜೋಳದ ಪುಡಿ ಉದುರುತ್ತಿತ್ತು. ಜೋಳದ ಹಿಟ್ಟು ಅಲ್ಲಿ ವೆಂಬ್ಲಿಯ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ, ಚೀಟಿಯ ಮೇಲೆ ಜುವಾರ್ ಅಂತ ಇರುತ್ತದೆ.

ರೂಮಿನ ವಿಷಯದಲ್ಲಿ ನಾನು ಮಾಡಿದ ತಪ್ಪು ನೀನು ಮಾಡಬೇಡ. ಕಡಿಮೆ ಬಾಡಿಗೆ ಅಂತ ದೂರ ಹೋದೆ. ಹೋಗೋಕೆ ಒಂದೂಕಾಲು ತಾಸು, ಬರೋಕೆ ಒಂದೂಕಾಲು ತಾಸು. ಸೆಪ್ಟೆಂಬರ್‌ನಲ್ಲಿ ಅದೇ ಮಜಾ ಅನ್ನಿಸಿತ್ತು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಕ್ಲಾಸ್ ಮುಗಿದ ಕೂಡಲೇ ಮನೆ ಕಡೆ ಓಡೋದೇ ಆಯಿತು. ಯಾರ ಜೊತೆಗೂ ಒಂದು ಚಹಾ ಕುಡಿಯಲಿಲ್ಲ. ಜನವರಿಯಲ್ಲಿ ಕಾಲೇಜಿನಿಂದ ಒಂದೇ ಬಸ್ಸಿನ ದೂರಕ್ಕೆ ಬಂದೆ, ರೂಮು ಅರ್ಧ ಆಯಿತು. ಆದರೆ ಮೂಲೆ ಅಂಗಡಿಯವನು ಗುರುತು ಹಿಡಿದು ಮಾತಾಡಿಸೋಕೆ ಶುರು ಮಾಡಿದ, ಅಲ್ಲಿಂದ ನನಗೆ ಅದು ಊರು ಅನ್ನಿಸಿತು. ಬಸ್ಸು ಮೆಟ್ರೋಗಿಂತ ಅಗ್ಗ, ಒಮ್ಮೆ ಕಾರ್ಡ್ ಮುಟ್ಟಿಸಿದರೆ ಒಂದು ತಾಸಿನೊಳಗೆ ಎಷ್ಟು ಬಸ್ ಬದಲಿಸಿದರೂ ಅದೇ ದುಡ್ಡು. ಮೆಟ್ರೋದಲ್ಲಿ ಒಳಗೆ ಹೋಗುವಾಗ ಕಾರ್ಡ್, ಹೊರಗೆ ಬರುವಾಗ ಮೊಬೈಲ್ ಮುಟ್ಟಿಸಿದೆಯೋ, ಅವು ಬೇರೆ ಬೇರೆ ಪ್ರಯಾಣ ಅಂತ ಲೆಕ್ಕ ಆಗಿ ಎರಡಕ್ಕೂ ಗರಿಷ್ಠ ದರದ ಕತ್ತರಿ ಬೀಳುತ್ತದೆ. ನನಗೆ ಎರಡು ಸಲ ಬಿತ್ತು, ತಪ್ಪು ನಂದೇ.

ನವಲೂರ ಪೇರಲ:
ಅಣ್ಣ ಹೇಳಿದ್ದು ಅರ್ಧ ಒಪ್ಪುತ್ತೇನೆ. ನಾನು ಈಸ್ಟ್ ಹ್ಯಾಮ್‌ನಲ್ಲಿ ಇದ್ದೆ, ದೂರವೇ, ಆದರೆ ಕೆಳಗಿಳಿದರೆ ದೋಸೆ, ಕರಿಬೇವು, ತೆಂಗಿನಕಾಯಿ. ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟಿದ್ದು ಪಕ್ಕದ ರೂಮಿನ ಮಲಯಾಳಿ ಹುಡುಗಿ. ಒಬ್ಬಳೇ ಇರೋಕೆ ಹೆದರುವವರಿಗೆ ಮೊದಲ ವರ್ಷ ಅದೇ ಒಳ್ಳೆಯದು. ಒಂದೇ ಒಂದು ತೊಡಕಿದೆ. ಮನೆಯಲ್ಲಿ ಎಲ್ಲರೂ ಫುಲ್ ಟೈಮ್ ವಿದ್ಯಾರ್ಥಿಗಳಾದರೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಮನೆ ತೆರಿಗೆ, ಇಲ್ಲ, ಕೆಲಸಕ್ಕೆ ಹೋಗುವವರು ಒಬ್ಬರಿದ್ದರೂ ಬಿಲ್ ಬರುತ್ತದೆ. ಯಾರು ಕಟ್ಟೋದು ಅಂತ ಮೊದಲೇ ಕೇಳಿಕೋ, ಆಮೇಲೆ ಕೇಳಿದರೆ ಜಗಳ.

ರೂಮನ್ನು ಕಣ್ಣಾರೆ ನೋಡದೆ ಯಾರಿಗೂ ದುಡ್ಡು ಹಾಕಬೇಡ. ನನ್ನ ಗೆಳತಿ ಫೋಟೋ ನೋಡಿ ಹಾಕಿದಳು, ಹೋಗಿ ನೋಡಿದರೆ ಆ ನಂಬರಿನ ಮನೆಯೇ ಇರಲಿಲ್ಲ. ಮೊದಲ ಹತ್ತು ದಿನ ಯಾರದಾದರೂ ಪರಿಚಯದವರ ಮನೆಯಲ್ಲಿ ಇದ್ದು ಹುಡುಕು. ಡಿಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆ ದಾಟೋ ಹಾಗಿಲ್ಲ, ಮಾಲೀಕರು ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಸಿಟ್ ಸ್ಕೀಮಿನಲ್ಲಿ ಇಡಬೇಕು. ಅವರೂ ಅದೇ ಮನೆಯಲ್ಲಿದ್ದರೆ ಈ 30 ದಿನದ ನಿಯಮ ಬರೋದಿಲ್ಲ.

ಮೊದಲ ತಿಂಗಳು ಹೇಗಾಯಿತು ಅಂತ ಕೇಳಿದೆಯಲ್ಲ. ಅತ್ತುಬಿಟ್ಟೆ. ನಾಚಿಕೆ ಏನು ಬಂತು? ಒಂದು ರವಿವಾರ ಸುಮ್ನೆ ನಡೀತಾ ಲ್ಯಾಂಬೆತ್ ಕಡೆ ಥೇಮ್ಸ್ ದಡಕ್ಕೆ ಹೋದೆ, ಅಲ್ಲಿ ಬಸವಣ್ಣನ ಮೂರ್ತಿ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಮಳೆ ಹನಿಯುತ್ತಿತ್ತು, ಹೊಳೆಯ ಆಚೆ ಪಾರ್ಲಿಮೆಂಟು. ಪಕ್ಕದಲ್ಲಿ ಯಾರೋ ಹಿರಿಯರು ಫೋನಿನಲ್ಲಿ "ಹೂಂ, ಬಂದೀನ್ರೀ, ಇಲ್ಲೇ ಬಸವಣ್ಣನ ಹತ್ರ ಅದೀನ್ರೀ" ಅಂತ ನಮ್ಮ ಭಾಷೆ ಮಾತಾಡುತ್ತಿದ್ದರು. ಹೋಗಿ ಮಾತಾಡಿಸಿದೆ. ವಿಜಯಪುರದವರು. ಮುಂದಿನ ವಾರ ಅವರ ಮನೆಯಲ್ಲಿ ಊಟ.

ಬ್ಯಾಡಗಿ ಅಪ್ಪ:
ಯವ್ವಾ, ನನ್ನ ಮಗ ಅಲ್ಲಿಗೆ ಹೋಗಿ ಎರಡನೇ ವರ್ಷ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ತಾಸು ವ್ಯತ್ಯಾಸ. ಅವನು ಸಂಜೆ 5ಕ್ಕೆ ಫೋನ್ ಮಾಡಿದರೆ ನಮಗೆ ರಾತ್ರಿ ಒಂಬತ್ತೂವರೆ. ಅಕ್ಟೋಬರ್ ಕೊನೆಯ ರವಿವಾರ ಅವರು ಗಡಿಯಾರ ಒಂದು ತಾಸು ಹಿಂದೆ ಇಡುತ್ತಾರಂತೆ, ನಮಗೆ ಯಾರು ಹೇಳಬೇಕು? ಸೋಮವಾರ ಒಂಬತ್ತೂವರೆ ಆಯಿತು, ಹತ್ತಾಯಿತು, ಫೋನಿಲ್ಲ. ನಾವು ಮಾಡಿದರೆ ಎತ್ತಲಿಲ್ಲ. ಅವರವ್ವ ದೇವರ ಮುಂದೆ ಹೋಗಿ ಕೂತುಬಿಟ್ಟಳು. ಸರಿಯಾಗಿ ಹತ್ತೂವರೆಗೆ ಫೋನ್ ಬಂತು, "ಅಪ್ಪಾ, ಊಟ ಆಯಿತಾ?" ಅಂತ! ನೀನು ಹೋಗುವ ಮೊದಲೇ ಮನೆಯಲ್ಲಿ ಇದನ್ನು ಹೇಳಿ ಹೋಗು. ಮೆಣಸಿನಪುಡಿ ನಮ್ಮ ಊರಿನದೇ ಒಯ್ಯಿ.

ನವಲೂರ ಪೇರಲ:
ಕಾಕಾ ಹೇಳಿದ ಪುಡಿ ಖಂಡಿತ ಒಯ್ಯಿ, ಒಗ್ಗರಣೆ ಹಾಕುವಾಗ ಮಾತ್ರ ಅಡುಗೆಮನೆ ಬಾಗಿಲು ಮುಚ್ಚು. ನಾನು ತೆರೆದಿಟ್ಟಿದ್ದೆ, ಹೊಗೆ ಹೊರಗಿನ ಅಲಾರಮ್‌ಗೆ ಹೋಯಿತು. ರಾತ್ರಿ ಹನ್ನೊಂದಕ್ಕೆ ಇಡೀ ಕಟ್ಟಡ ಚಪ್ಪಲಿಯಲ್ಲಿ ರಸ್ತೆಗೆ. ಎಲ್ಲರ ಪರಿಚಯವೂ ಆಯಿತು ಅನ್ನಿ.

ಬೆಟಗೇರಿ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಪೇಡೆ ಒಯ್ಯೋ ಹಾಗಿಲ್ಲ ಅಂತ ಅವ್ವನಿಗೆ ಹೇಳಿದೆ, "ಹಂಗಾದ್ರ ಇಲ್ಲೇ ತಿಂದು ಹೋಗು" ಅಂದಳು. ಈಗ ದಿನಾ ಎರಡು. ಇನ್ನೊಂದು ಪ್ರಶ್ನೆ, ಡಾಕ್ಟರ್‌ದು ಹೇಗೆ?

ವಿದ್ಯಾನಗರದವ:
ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯದ ದುಡ್ಡು ಕಟ್ಟಿದ್ದೀಯಲ್ಲ, ಅದು ಇದಕ್ಕೇ. ರೂಮು ಸಿಕ್ಕ ವಾರವೇ ಹತ್ತಿರದ ಜಿಪಿ, ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ್, ಕ್ಲಿನಿಕ್‌ನಲ್ಲಿ ಹೆಸರು ಬರೆಸು, ಜ್ವರ ಬರಲಿ ಅಂತ ಕಾಯಬೇಡ. ರಾತ್ರಿ ಏನಾದರೂ ಆಗಿ ಗೊತ್ತಾಗದಿದ್ದರೆ 111ಕ್ಕೆ ಫೋನ್ ಮಾಡಿ ಕೇಳು, ಜೀವಕ್ಕೆ ಬಂದರೆ 999. ಮತ್ತೆ ದಿನಾ ಎರಡು ಪೇಡೆ ಅಂದೆಯಲ್ಲ, ಸೆಪ್ಟೆಂಬರ್ ತನಕ ನಮಗೂ ಸ್ವಲ್ಪ ಕಳಿಸು.