ಫಾಸ್ಫೇಟ್ ಕಡಿಮೆಯಾದರೆ ಬ್ಯಾಕ್ಟೀರಿಯಾದ ಲೋಳೆ ಕಟ್ಟುವುದೋ, ಕಳಚುವುದೋ?

ಪೆರ್ಲದ ಕೃಷಿಕ:
ಮಾನ್ಯರೇ, ನಮ್ಮ ಅಡಿಕೆ ತೋಟಕ್ಕೆ ಮುರಕಲ್ಲಿನ ಗುಡ್ಡದಲ್ಲಿ ಕೊರೆದ ಸುರಂಗದ ನೀರೇ ಆಧಾರ. ಎರಡು ವರ್ಷಗಳಿಂದ ಫಾಸ್ಫೇಟ್ ಹೆಚ್ಚಿರುವ 12:61:0 ಗೊಬ್ಬರವನ್ನು ಟಾಂಕಿಯಲ್ಲಿ ಕರಗಿಸಿ ಹನಿ ನೀರಾವರಿಯ ಮೂಲಕವೇ ಬಿಡುತ್ತಿದ್ದೇನೆ. ಅಂದಿನಿಂದ ಪೈಪಿನ ಒಳಮೈಯಲ್ಲಿ, ಆರಿದ ಗಂಜಿಯ ಮೇಲೆ ಕಟ್ಟುವ ಪದರದಂತಹ ಲೋಳೆ ಬೆಳೆದು ಡ್ರಿಪ್ಪರುಗಳು ಕಟ್ಟಿಕೊಳ್ಳುತ್ತಿವೆ. ಪದವಿಯಲ್ಲಿ ಸೂಕ್ಷ್ಮಜೀವಶಾಸ್ತ್ರ ಓದುತ್ತಿರುವ ಮಗಳು, ಫಾಸ್ಫೇಟ್ ಸಿಗದಿದ್ದಾಗಲೇ ಬ್ಯಾಕ್ಟೀರಿಯಾಗಳು ಬಯೋಫಿಲ್ಮ್, ಅಂದರೆ ಇಂತಹ ಲೋಳೆಯ ಪದರ, ಕಟ್ಟುತ್ತವೆ, ಅವುಗಳ ರೋಗಕಾರಕ ಶಕ್ತಿಯೂ ಆಗಲೇ ಏರುತ್ತದೆ ಎನ್ನುತ್ತಾಳೆ. ಹಾಗಿದ್ದರೆ ಗೊಬ್ಬರ ಕೊಟ್ಟ ಮೇಲೆ ಲೋಳೆ ಇಳಿಯಬೇಕಿತ್ತಲ್ಲವೇ?

ಕಾಸರಗೋಡಿನ ಅಧ್ಯಾಪಕಿ:
ಮಗಳು ಹೇಳಿದ್ದು ಕೆಲವು ಬ್ಯಾಕ್ಟೀರಿಯಾಗಳ ಮಟ್ಟಿಗೆ ಸರಿ. ಎಲ್ಲಕ್ಕೂ ಅನ್ವಯಿಸಿದರೆ ತಪ್ಪಾಗುತ್ತದೆ. ಹೊರಗೆ ಫಾಸ್ಫೇಟ್ ತೀರುತ್ತಾ ಬಂದಾಗ ಫೋ-ಆರ್ ಎಂಬ ಪ್ರೋಟೀನು ಫೋ-ಬಿ ಎಂಬ ಇನ್ನೊಂದನ್ನು ಎಚ್ಚರಿಸುತ್ತದೆ, ಅದು ಫಾಸ್ಫೇಟನ್ನು ಹೆಕ್ಕಿ ತರುವ ಹತ್ತಾರು ಜೀನುಗಳನ್ನು ಒಟ್ಟಿಗೇ ಕೆಲಸಕ್ಕೆ ಹಚ್ಚುತ್ತದೆ. ಇ. ಕೋಲಿಯಲ್ಲಿ ಈ ವ್ಯವಸ್ಥೆ ಚುರುಕಾಗುವುದು ಫಾಸ್ಫೇಟಿನ ಸಾಂದ್ರತೆ ಸುಮಾರು 4 ಮೈಕ್ರೋಮೋಲಾರ್‌ಗಿಂತ ಕೆಳಗಿಳಿದಾಗ. ಇಲ್ಲಿಯವರೆಗೆ ಹಲವು ಬ್ಯಾಕ್ಟೀರಿಯಾಗಳ ದಾರಿ ಒಂದೇ, ಮುಂದೆ ಕವಲೊಡೆಯುತ್ತದೆ.

ಮಣ್ಣಿನಲ್ಲೂ ನೀರಿನಲ್ಲೂ ಇರುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್‌ನಲ್ಲಿ ಫೋ-ಬಿ ಎಚ್ಚೆತ್ತರೆ ರಾಪ್-ಎ ಎಂಬ ಕಿಣ್ವ ಹೆಚ್ಚಾಗಿ, 'ಅಂಟಿಕೊಂಡಿರು' ಎಂಬ ಸೂಚನೆಯನ್ನು ಒಯ್ಯುವ ಸೈಕ್ಲಿಕ್-ಡೈ-ಜಿಎಂಪಿ ಅಣುವನ್ನು ಒಡೆಯುತ್ತದೆ. ಆಗ ಜೀವಕೋಶವನ್ನು ಮೇಲ್ಮೈಗೆ ಹಿಡಿದಿಟ್ಟ ಲ್ಯಾಪ್-ಎ ಪ್ರೋಟೀನು ತುಂಡಾಗಿ, ಲೋಳೆ ಕಳಚುತ್ತದೆ. ಗಿಡಗಳಲ್ಲಿ ಗಂಟು ತರುವ ಆಗ್ರೋಬ್ಯಾಕ್ಟೀರಿಯಮ್‌ನಲ್ಲಿ ಇದರ ತದ್ವಿರುದ್ಧ: ಫಾಸ್ಫೇಟ್ ಕೊರತೆಯಲ್ಲಿ ಬಯೋಫಿಲ್ಮ್ ದಪ್ಪವಾಗುತ್ತದೆ, ರೋಗ ಹೂಡಲು ಬೇಕಾದ ವಿರ್-ಜಿ ಜೀನೂ ಆಗ ಏರುತ್ತದೆ. ಬಹುಶಃ ಮಗಳ ಪಠ್ಯದಲ್ಲಿದ್ದುದು ಈ ಎರಡನೆಯ ಉದಾಹರಣೆ.

ಮಂಜೇಶ್ವರದ ಲ್ಯಾಬ್ ತಂತ್ರಜ್ಞ:
ಟೀಚರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಯೋಫಿಲ್ಮ್ ಮತ್ತು ರೋಗಕಾರಕ ಶಕ್ತಿ ಯಾವಾಗಲೂ ಜೊತೆಯಾಗಿ ಏರುವುದಿಲ್ಲ. ಆಸ್ಪತ್ರೆಗಳಲ್ಲಿ ಕಾಟ ಕೊಡುವ ಸ್ಯೂಡೋಮೊನಾಸ್ ಏರುಗಿನೋಸಾ, ಫಾಸ್ಫೇಟ್ ಕಡಿಮೆಯಾದಾಗ ಪಯೋಸಯಾನಿನ್ ಎಂಬ ನೀಲಿ-ಹಸಿರು ವಿಷವನ್ನೂ ಅಂಗಾಂಶದ ಕೊಬ್ಬನ್ನು ಸೀಳಿ ಫಾಸ್ಫೇಟ್ ಕೀಳುವ ಫಾಸ್ಫೋಲಿಪೇಸ್ ಕಿಣ್ವವನ್ನೂ ಹೆಚ್ಚು ಮಾಡುತ್ತದೆ, ಗುಂಪಾಗಿ ಹರಿದಾಡುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಕರುಳಿನಲ್ಲಿ ಫಾಸ್ಫೇಟ್ ಇಳಿಯುವುದರಿಂದ, ಅದನ್ನು ಅಲ್ಲಿಯೇ ಮರಳಿ ಕೊಟ್ಟರೆ ಈ ರೋಷ ತಗ್ಗುತ್ತದೆಯೇ ಎಂದು ಇಲಿಗಳಲ್ಲಿ ನೋಡಿದ್ದಾರೆ, ಫಲ ಆಶಾದಾಯಕವಾಗಿತ್ತು. ಕಾಲರಾ ಬ್ಯಾಕ್ಟೀರಿಯಾದಲ್ಲಾದರೋ ಅದೇ ಫೋ-ಬಿ ರೋಗಕಾರಕ ಜೀನುಗಳನ್ನು ಅದುಮುತ್ತದೆ.

ಕಾಸರಗೋಡಿನ ಅಧ್ಯಾಪಕಿ:
ತಮ್ಮ ಪೈಪಿನ ವಿಷಯಕ್ಕೆ ಬರೋಣ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಫಾಸ್ಫೇಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ, ಗುಡ್ಡದೊಳಗಿಂದ ಜಿನುಗಿ ಬರುವ ನೀರಿನಲ್ಲಿ ಅದು ತೀರಾ ಅಲ್ಪವಾಗಿರುವುದು ಸಹಜ. ಅಂತಹ ನೀರಿನಲ್ಲಿ ಬೆಳವಣಿಗೆಯನ್ನೇ ತಡೆದಿರುವುದು ಫಾಸ್ಫೇಟಿನ ಅಭಾವವಾಗಿರಬಹುದು. ಸಾವಿರ ಲೀಟರಿನ ಟಾಂಕಿಗೆ ಒಂದೇ ಒಂದು ಗ್ರಾಂ 12:61:0 ಬಿದ್ದರೂ ಸುಮಾರು 8.6 ಮೈಕ್ರೋಮೋಲಾರ್ ಆಗುತ್ತದೆ, ಅಂದರೆ ಮೇಲೆ ಹೇಳಿದ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ತಾವು ಹಾಕುವುದು ಗ್ರಾಂ ಲೆಕ್ಕದಲ್ಲಲ್ಲವಲ್ಲ! ಪೈಪಿನಲ್ಲಿರುವುದು ಫ್ಲೋರೆಸೆನ್ಸ್ ತರಹದ್ದಾದರೆ, ಅದಕ್ಕೆ ಕಳಚಿಕೊಳ್ಳುವ ಸೂಚನೆ ನಿಂತುಹೋಯಿತು, ಉಣ್ಣಲು ಊಟವೂ ಸಿಕ್ಕಿತು. ಲೋಳೆ ಕೆಂಪಾಗಿದ್ದರೆ ಮಾತ್ರ ಕಬ್ಬಿಣದ ಬ್ಯಾಕ್ಟೀರಿಯಾವನ್ನು ಸಂಶಯಿಸಬೇಕು.

ಪೆರ್ಲದ ಕೃಷಿಕ:
ಇಂದು ಬೆಳಿಗ್ಗೆ ಒಂದು ಪೈಪನ್ನು ಕತ್ತರಿಸಿ ನೋಡಿದೆ. ಲೋಳೆ ಬಿಳಿಯಾಗಿದೆ, ಕೆಂಪು ಕಂಡಿದ್ದು ಟಾಂಕಿಯ ತಳದಲ್ಲಿ ಮಾತ್ರ. ಸಾಲಿನ ಕೊನೆಯ ಎಂಡ್ ಕ್ಯಾಪಿನ ಹತ್ತಿರ, ನೀರು ನಿಧಾನವಾಗುವಲ್ಲಿ, ಅದು ಅತಿ ದಪ್ಪವಿತ್ತು. ಇನ್ನು ಗೊಬ್ಬರ ಬಿಟ್ಟ ದಿನ, ಬರಿಯ ನೀರನ್ನು ಅರ್ಧ ಗಂಟೆ ಹರಿಸಿ, ಆಮೇಲೆ ಕ್ಯಾಪುಗಳನ್ನು ಒಂದೊಂದಾಗಿ ತೆಗೆದು ತೊಳೆಯುತ್ತೇನೆ. ರಂಜಕವನ್ನು ಬುಡಕ್ಕೇ ಹಾಕುವುದೋ ಎಂಬುದನ್ನು ಮಳೆಗಾಲದ ಮೊದಲು ನಿರ್ಧರಿಸುವೆ.