‘ಒಗ್ಗುವುದು’ ಮತ್ತು ‘ಹೊಂದಿಕೊಳ್ಳುವುದು’: ಎಲ್ಲಿ ಯಾವುದು ಸರಿ?

ಮಾನ್ಯರೇ,

ಹವಾಮಾನ ಬದಲಾವಣೆಯಿಂದ ನೆಲದ ಪ್ರಾಣಿಗಳಿಗೆ ಏನಾಗುತ್ತಿದೆ ಎಂಬುದರ ಬಗ್ಗೆ ಕೊಪ್ಪಳದ ಹೈಸ್ಕೂಲು ಮಕ್ಕಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಉತ್ತರ ಅಮೆರಿಕದ ಹಿಮಮೊಲದ ವಿಷಯ ಬಂದಾಗ ಹೀಗೊಂದು ವಾಕ್ಯ ಬರೆದೆ: ‘ಈ ಮೊಲ ಹಿಮಕ್ಕೆ ಹೊಂದಿಕೊಂಡಿದೆ, ಆದ್ದರಿಂದಲೇ ಹಿಮ ಕಡಿಮೆಯಾದರೆ ಹೊಂದಿಕೊಳ್ಳಲಾರದು.’ ಓದಿದವರೆಲ್ಲ ಗೊಂದಲಕ್ಕೆ ಬಿದ್ದರು. ಮೊಲದ ಕಂದು ಕೂದಲು ಉದುರಿ ಬಿಳಿ ಕೂದಲು ಬರುವುದು ಹಿಮ ಬಿದ್ದದ್ದಕ್ಕಲ್ಲ, ಮುಖ್ಯವಾಗಿ ಹಗಲು ಕಿರಿದಾಗುವುದಕ್ಕೆ. ಹೀಗಾಗಿ ಹಿಮ ತಡವಾಗಿ ಬಿದ್ದು ಬೇಗ ಕರಗುವ ವರ್ಷಗಳಲ್ಲಿ ಬೆಳ್ಳಗಿನ ಮೊಲ ಕಂದು ನೆಲದ ಮೇಲೆ ದೂರದಿಂದಲೇ ಎದ್ದು ಕಂಡು ಬೇಟೆಪ್ರಾಣಿಗಳ ಬಾಯಿಗೆ ಬೀಳುತ್ತದೆ. ಮೊದಲ ‘ಹೊಂದಿಕೊಂಡಿದೆ’ ಎಂಬುದು ಎಷ್ಟೋ ತಲೆಮಾರುಗಳಲ್ಲಿ ಕುಲಕ್ಕೆ ಕೂಡಿಬಂದ ಗುಣ. ಎರಡನೆಯದು ಒಂದು ಪ್ರಾಣಿ ತನ್ನ ಆಯುಸ್ಸಿನೊಳಗೆ ಮಾಡಿಕೊಳ್ಳಬೇಕಾದದ್ದು. ವಿಜ್ಞಾನದಲ್ಲಿ ಇವು ಬೇರೆಬೇರೆ.

ಎರಡನೆಯ ಅರ್ಥಕ್ಕೆ ‘ಒಗ್ಗು’ ಸಾಕು ಎಂದುಕೊಂಡಿದ್ದೆ. ಊರಿನ ನೀರು ಒಗ್ಗಲಿಲ್ಲ, ಹವೆ ಒಗ್ಗಿತು, ಮದ್ದು ಒಗ್ಗದು ಎನ್ನುವಾಗಲೆಲ್ಲ ನಾವು ಒಬ್ಬರ ಮೈಯ ಮಾತನ್ನೇ ಆಡುತ್ತಿರುತ್ತೇವೆ. ಆದರೆ ಕಳೆದ ಮೇ ತಿಂಗಳಲ್ಲಿ ಗಂಗಾವತಿಯ ಕಡೆ ಮಧ್ಯಾಹ್ನದ ಹೊತ್ತು ನಮ್ಮ ಸೀಮೆಯ ಕೆಂಗುರಿ ಎಂಬ ತಳಿಯ ಒಂದು ಹಿಂಡನ್ನು ನೋಡಿದೆ. ಜಾಲಿಯ ತೆಳು ನೆರಳಿನಲ್ಲಿ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತು, ಪಕ್ಕೆ ಬಡಿದುಕೊಳ್ಳುವಂತೆ ಏದುಸಿರು ಬಿಡುತ್ತಿದ್ದವು. ಕಾಯುತ್ತಿದ್ದ ಹಿರಿಯರು, ‘ನಮ್ಮ ಕುರಿಗೆ ಬಿಸಲು ಒಗ್ಗೇತ್ರಿ, ಈ ರಾತ್ರಿ ಧಗಿ ಒಗ್ಗವಲ್ದು’ ಎಂದರು. ಬಿಸಿಲನ್ನೂ ಧಗೆಯನ್ನೂ ಅವರು ಬಿಡಿಸಿ ಹೇಳಿದ ರೀತಿ ಯಾವ ಪರಿಭಾಷೆಗಿಂತಲೂ ನಿಖರವಾದದ್ದೆಂದು ನನ್ನ ಅನಿಸಿಕೆ. ಹಗಲು ಮೈಗೇರಿದ ಕಾವನ್ನು ಕುರಿ ಇಳಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ರಾತ್ರಿಯೂ ಕಾದೇ ಇದ್ದರೆ ಅದು ಮೇಯುವುದು ತಗ್ಗುತ್ತದೆ, ಟಗರಿನ ವೀರ್ಯದ ಗುಣ ಕೆಡುತ್ತದೆ, ಗಬ್ಬದ ಕುರಿ ತೂಕವಿಲ್ಲದ ಮರಿ ಹಾಕುತ್ತದೆ.

ನನ್ನ ತೊಡಕು ಅವರ ಮಾತಿನ ಮೊದಲ ಭಾಗದಲ್ಲಿದೆ. ‘ನಮ್ಮ ಕುರಿ’ ಎಂದು ಅವರು ಹೇಳಿದ್ದು ತಳಿಯನ್ನು, ಎದುರಿಗಿದ್ದ ಹಿಂಡನ್ನಷ್ಟೇ ಅಲ್ಲ. ಅಂದರೆ ‘ಒಗ್ಗು’ ಕೂಡ ತಲೆಮಾರುಗಳವರೆಗೆ ಚಾಚುವ ಕ್ರಿಯಾಪದ. ಕುಲದ ಗುಣಕ್ಕೆ ‘ಅನುಕೂಲನ’ ಎಂದರೆ ಮಕ್ಕಳ ಕಿವಿಗೆ ‘ಅನುಕೂಲ’ವೇ ಬೀಳುತ್ತದೆ, ಮೊಲಕ್ಕಾದರೋ ಆ ಗುಣವೇ ಕುತ್ತಾಗಿದೆ. ‘ಮೈಗೂಡು’ ಎನ್ನೋಣವೆಂದರೆ ವಿದ್ಯೆಯೂ ಮೈಗೂಡುತ್ತದೆ, ಆದರೆ ಅದು ಮರಿಗೆ ಇಳಿದು ಬರುವುದಿಲ್ಲ. ಸದ್ಯಕ್ಕೆ ಕುಲದ ಗುಣಕ್ಕೆ ‘ತಳಿಹೊಂದಿಕೆ’ ಎಂದೂ, ಒಂದು ಜೀವದ ಬದಲಾವಣೆಗೆ ‘ಒಗ್ಗಿಕೆ’ ಎಂದೂ ಬರೆದಿಟ್ಟಿದ್ದೇನೆ. ಮೊದಲನೆಯದು ಕಟ್ಟಿದ ಪದವೆಂಬುದು ಓದುವಾಗಲೇ ತಿಳಿಯುತ್ತದೆ.

ರಾಯಚೂರು, ಬಳ್ಳಾರಿಯ ಕಡೆಯ ಕುರಿಗಾರರಲ್ಲಿ, ತಾಯಿಯಿಂದ ಮರಿಗೆ ಬರುವ ಇಂಥ ತಾಳಿಕೆಗೆ ಬೇರೆಯೇ ಮಾತು ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ಪೂರ್ಣ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.