ಹೆಂಡತಿಯ ವೀಸಾ ಅರ್ಜಿಯಲ್ಲಿ ಮಕ್ಕಳು ತಾವಾಗಿಯೇ ಸೇರುವುದಿಲ್ಲ

ಎಲ್ಲರಿಗೂ ನಮಸ್ಕಾರ. ಪುಟ್ಟು, ಫೆಬ್ರವರಿಯಲ್ಲಿ ಹೆಂಡತಿಗಾಗಿ ಸಲ್ಲಿಸಿದ ಐ-130 ಅರ್ಜಿಯಲ್ಲಿ (ಸಂಬಂಧಿಕರನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಹಾಕುವ ಅರ್ಜಿ) ಅವಳ ಹಿಂದಿನ ಮದುವೆಯ ಇಬ್ಬರು ಮಕ್ಕಳ ಹೆಸರನ್ನೂ ಬರೆದಿರುವುದರಿಂದ ತಾಯಿಯ ಜೊತೆಗೇ ಅವರಿಗೂ ಅಮೆರಿಕದ ವೀಸಾ ಸಿಗುತ್ತದಲ್ಲವೇ ಎಂದು ನಿನ್ನೆ ರಾತ್ರಿ ಕೇಳಿದ್ದೀಯ. ಸಿಗುವುದಿಲ್ಲ, ಮಗು. ನೀನು ಇವತ್ತೇ ಒಬ್ಬೊಬ್ಬರಿಗೂ ಒಂದೊಂದು ಐ-130 ಬೇರೆಯಾಗಿ ಹಾಕಬೇಕು.

ಆ ಅರ್ಜಿಯಲ್ಲಿ ಹೆಂಡತಿಯ ಮಕ್ಕಳ ಹೆಸರು ಕೇಳುವುದು ಮಾಹಿತಿಗಾಗಿ ಮಾತ್ರ. ನೀನು ಅಲ್ಲಿಯ ನಾಗರಿಕನಾದ್ದರಿಂದ ನಿನ್ನ ಹೆಂಡತಿ 'ಇಮಿಡಿಯೇಟ್ ರಿಲೇಟಿವ್', ಅಂದರೆ ಅತಿ ಹತ್ತಿರದ ಸಂಬಂಧಿ, ಎಂಬ ವರ್ಗಕ್ಕೆ ಸೇರುತ್ತಾಳೆ. ಆ ವರ್ಗಕ್ಕೆ ವಾರ್ಷಿಕ ಮಿತಿ ಇಲ್ಲ, ವರ್ಷಗಟ್ಟಲೆ ಸರದಿ ಕಾಯಬೇಕಾಗಿಲ್ಲ, ಆದರೆ ಒಬ್ಬರ ಅರ್ಜಿಯ ಮೇಲೆ ಇನ್ನೊಬ್ಬರು ಬರುವ ಅವಕಾಶವೂ ಇಲ್ಲ. ಹೆಂಡತಿಯ ಅರ್ಜಿಯಲ್ಲೇ ಮಕ್ಕಳೂ ಬಂದರೆಂದು ನಿನ್ನ ಆಫೀಸಿನ ಗೆಳೆಯ ಹೇಳಿದ್ದು ಸುಳ್ಳಲ್ಲ. ಅವರು ಆಗ ನಾಗರಿಕರಲ್ಲ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಹೊಂದಿದ್ದವರು. ಅಂಥವರ ಹೆಂಡತಿ ಎಫ್2ಎ ಎಂಬ ಬೇರೆ ವರ್ಗದಲ್ಲಿ ಬರುವಾಗ ಮದುವೆಯಾಗದ, 21 ವರ್ಷದೊಳಗಿನ ಮಕ್ಕಳು ತಾಯಿಯ ಅರ್ಜಿಯಲ್ಲೇ ಬರಬಹುದು. ಅವರಿಗೆ ಸರಿಹೋದದ್ದು ನಿನಗೆ ಸರಿಹೋಗುವುದಿಲ್ಲ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಯಜಮಾನರ ತಂಗಿಯ ಗಂಡ ಅರ್ಜಿ ಹಾಕಿದಾಗ ಗ್ರೀನ್ ಕಾರ್ಡಿನಲ್ಲಿದ್ದರು, ಆಮೇಲೆ ನಾಗರಿಕತ್ವದ ಪ್ರಮಾಣ ಸ್ವೀಕರಿಸಿದರು. ನಾವೆಲ್ಲ ಸಿಹಿ ಹಂಚಿದೆವು. ಆದರೆ ಆ ದಿನವೇ ತಾಯಿಯ ಅರ್ಜಿ ಇಮಿಡಿಯೇಟ್ ರಿಲೇಟಿವ್ ವರ್ಗಕ್ಕೆ ಬದಲಾಗಿ, ಅದರಲ್ಲಿ 9 ವರ್ಷದ ಮಗನಿಗಿದ್ದ ಜಾಗ ತಪ್ಪಿಹೋಯಿತೆಂಬುದು ಅವಳ ಸಂದರ್ಶನ ಹತ್ತಿರ ಬರುವವರೆಗೆ ಯಾರಿಗೂ ತಿಳಿಯಲಿಲ್ಲ. ಅವನಿಗೆ ಹೊಸ ಅರ್ಜಿ ಹಾಕಿ, ತಾಯಿ ಮುಂದೆ ಹೋದಳು; ಮಗು ಹದಿನಾಲ್ಕು ತಿಂಗಳು ಸಾಗರ ಊರಿನಲ್ಲಿ ಅಜ್ಜಿಯ ಹತ್ತಿರ ಉಳಿಯಿತು. ಮೊದಮೊದಲು ಪ್ರತಿ ಫೋನಿನಲ್ಲೂ "ನನ್ನದು ಯಾವಾಗ" ಎಂದು ಕೇಳುತ್ತಿದ್ದವನು ಕೊನೆಗೆ ಕೇಳುವುದನ್ನೇ ಬಿಟ್ಟ.

ಅತ್ತಿಗೆ, ಪುಟ್ಟು ಈ ಮಕ್ಕಳನ್ನು ದತ್ತು ತೆಗೆದುಕೊಳ್ಳಬೇಕೇ ಎಂದು ನೀವು ಚಿಂತಿಸಬೇಡಿ. ಮಗುವಿಗೆ 18 ತುಂಬುವ ಮೊದಲು ಮದುವೆ ನಡೆದಿದ್ದರೆ ಮಲಮಗುವನ್ನೂ ಅಮೆರಿಕದ ವಲಸೆ ಕಾನೂನು ಮಗುವೆಂದೇ ಒಪ್ಪುತ್ತದೆ, ಮದುವೆಯ ದಿನ ದೊಡ್ಡವಳಿಗೆ 16 ಆಗಿತ್ತು. ಅಲ್ಲದೆ ಅಲ್ಲಿಯ 2002ರ ಕಾಯ್ದೆಯಂತೆ ಅವಳ ಹೆಸರಿನ ಅರ್ಜಿ ದಾಖಲಾದ ದಿನದ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅವಳು ಅವಿವಾಹಿತೆಯಾಗಿಯೇ ಇರಬೇಕು, ಅಷ್ಟೆ.

ಖರ್ಚು ಕಡಿಮೆಯಲ್ಲ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಆನ್‌ಲೈನಿನಲ್ಲಿ ಸಲ್ಲಿಸುವ ಪ್ರತಿ ಐ-130ಕ್ಕೆ 625 ಡಾಲರ್, ಮುಂದೆ ವೀಸಾ ಶುಲ್ಕ ತಲಾ 325. ಆದಾಯದ ಖಾತರಿಪತ್ರವಾದ ಐ-864ನ್ನೂ ಮೂವರಿಗೂ ಬೇರೆಬೇರೆಯಾಗಿ ಕೊಡಬೇಕು.

ಮೂರೂ ಅರ್ಜಿಗಳು ಒಟ್ಟಿಗೆ ನಡೆಯಲೆಂದು ಹೆಂಡತಿಯ ಅರ್ಜಿಯನ್ನು ನ್ಯಾಷನಲ್ ವೀಸಾ ಸೆಂಟರ್ (ಸಂದರ್ಶನಕ್ಕೆ ಮೊದಲು ಶುಲ್ಕ, ಕಾಗದಪತ್ರ ನೋಡುವ ಅಮೆರಿಕದ ಕಚೇರಿ) ಹಂತದಲ್ಲಿ ಸ್ವಲ್ಪ ನಿಧಾನಿಸಬಹುದು, ಆದರೆ ಅವರ ಪತ್ರ ಬಂದ ಮೇಲೆ ಒಂದು ವರ್ಷ ಯಾವ ಸಂಪರ್ಕವೂ ಇಲ್ಲದಂತೆ ಮಾತ್ರ ಬಿಡಬೇಡ, ಅರ್ಜಿಯೇ ರದ್ದಾಗುವ ಅಪಾಯವಿದೆ.

ಇನ್ನು ಕಾಗದಪತ್ರ. ನಮ್ಮ ಕಡೆಯ ತೊಡಕೆಲ್ಲ ಇನಿಷಿಯಲ್‌ಗಳದ್ದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ಜನನ ಪ್ರಮಾಣಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ. ಮಕ್ಕಳ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಅವಳ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ ನೋಡಿ. ನಿಮ್ಮ ಮದುವೆಯ ನೋಂದಣಿ ಪತ್ರದ ಜೊತೆಗೆ ಅವಳ ಹಿಂದಿನ ವಿಚ್ಛೇದನದ ತೀರ್ಪಿನ ದೃಢೀಕೃತ ನಕಲು ಬೇಕು. ಮಕ್ಕಳು ಯಾರ ವಶದಲ್ಲಿರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ, ಅವರ ತಂದೆಯ ಒಪ್ಪಿಗೆಯನ್ನು ಈಗಲೇ ಬರೆಸಿಕೊಳ್ಳುವುದು ಒಳ್ಳೆಯದು. ದೊಡ್ಡವಳಿಗೆ 16 ದಾಟಿರುವುದರಿಂದ ಪೊಲೀಸ್ ಪ್ರಮಾಣಪತ್ರವೂ ಬೇಕಾಗುತ್ತದೆ.

ಮಕ್ಕಳ ಜನನ ಪ್ರಮಾಣಪತ್ರದ ಫೋಟೋಗಳನ್ನು ಈ ಗುಂಪಿನಲ್ಲಿ ಹಾಕದೆ ನನಗೊಬ್ಬಳಿಗೇ ಕಳುಹಿಸು. ತಿದ್ದುಪಡಿ ಬೇಕಿದ್ದರೆ ಸೋಮವಾರ ನಾನೇ ನಿನ್ನ ಹೆಂಡತಿಯ ಜೊತೆ ಜನನ-ಮರಣ ನೋಂದಣಿ ಕಚೇರಿಗೆ ಹೋಗಿಬರುತ್ತೇನೆ.